ಕೆಳಕಂಡವರು ಕಾರಣರಲ್ಲ

ಕೃತಜ್ಞತೆ ಹೇಳುವುದು ಅಪರಾಧವೆಂದು ನಮ್ಮ ಕಚೇರಿ ಯಾವತ್ತೂ ಹೇಳಿಲ್ಲ. ಹೇಳಿದೆ ಎಂದು ಕೆಲವರು ಹಬ್ಬಿಸಿದ್ದಾರೆ. ಅವರಿಗೆ ಮಾಡಲು ಬೇರೆ ಕೆಲಸವಿಲ್ಲ. ನಮ್ಮದು ಬ್ಲಾಗುಗಳ ನೋಂದಣಿ ಕಚೇರಿ. ಯಾರೇ ಬ್ಲಾಗ್ ಬರೆಯಲಿ, ನಮ್ಮಲ್ಲಿ ನೋಂದಾಯಿಸಬೇಕು. ನೋಂದಾಯಿಸಿದವರು ಬರೆದದ್ದನ್ನೆಲ್ಲ ನಾವು ಓದಬೇಕು. ಓದಿ ಸಂತೋಷಪಡಬೇಕೆಂದು ನಿಯಮದಲ್ಲಿ ಎಲ್ಲೂ ಇಲ್ಲ, ಆದ್ದರಿಂದ ಪಡುವುದಿಲ್ಲ.

ಆ ನಿಯಮಗಳಲ್ಲಿ ಒಂದು ಹೀಗಿದೆ: "ಯಾವುದೇ ವ್ಯಕ್ತಿಯು ಯಾವುದೇ ಸಂಗತಿಗೆ ಕಾರಣರೆಂದು ಲಿಖಿತವಾಗಿ ಕಂಡುಬಂದಲ್ಲಿ, ಸದರಿಯವರಿಗೆ ಕಾರಣ ಕೇಳಿ ನೋಟಿಸ್ ಜಾರಿ ಮಾಡತಕ್ಕದ್ದು." ಸಂಗತಿ ಒಳ್ಳೆಯದೋ ಕೆಟ್ಟದ್ದೋ ಎಂದು ವಿಚಾರಿಸುವ ಅಧಿಕಾರ ಗುಮಾಸ್ತನಿಗಿಲ್ಲ. ಗುಮಾಸ್ತ ನಾನು.

ಈಗ ನಮ್ಮ ಅತ್ತಿಗೆಯ ವಿಷಯ. ನಮ್ಮಣ್ಣನ ಹೆಂಡತಿ, ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಸೊಂಟದ ಅಳತೆ ಕೊಡುವಾಗ ಗಿರಾಕಿಗಳು ಉಸಿರು ಬಿಗಿಹಿಡಿದು ಹೇಳುವ ಸುಳ್ಳುಗಳನ್ನು ಬ್ಲಾಗಿನಲ್ಲಿ ಬರೆಯುತ್ತಾರೆ. ಅವರಿಗೆ ಬರೆಯುವ ಹುಚ್ಚು ಹಿಡಿಸಿದ್ದು ಒಬ್ಬ ಹಲ್ಲಿನ ಡಾಕ್ಟರು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡ ರೋಗಿಗಳು ಆಡುವ ಮಾತನ್ನು, ಅಂದರೆ "ಆಆ ಊಊ" ಎಂಬುದನ್ನು, ಈ ಡಾಕ್ಟರು ತಮ್ಮ ಬ್ಲಾಗಿನಲ್ಲಿ ಅರ್ಥಸಹಿತ ಬರೆಯುತ್ತಿದ್ದರು. ಅತ್ತಿಗೆ ಅವರನ್ನು ಕಣ್ಣಾರೆ ಕಂಡವರಲ್ಲ. ಆದರೂ ಬೆಳಿಗ್ಗೆ ಅವರು ಬರೆದದ್ದನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೇ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು.

ಒಂದು ದಿನ ಮನಸ್ಸು ತುಂಬಿ ಬಂದು ಅತ್ತಿಗೆ ಬರೆದರು: "ನಾನು ಇವತ್ತು ನಾಲ್ಕು ಸಾಲು ಬರೀತೀನಿ ಅಂದ್ರೆ ಅದಕ್ಕೆ ಹಲ್ಲಿನ ಡಾಕ್ಟರೇ ಕಾರಣ."

ಏಕಾರವನ್ನು ಗಮನಿಸಿ. 'ಡಾಕ್ಟರೂ' ಅಲ್ಲ, 'ಡಾಕ್ಟರೇ'. ಇಷ್ಟು ಸ್ಪಷ್ಟವಾದ ಲಿಖಿತ ಹೇಳಿಕೆ ನಮ್ಮ ಕಚೇರಿಗೆ ಹಿಂದೆಂದೂ ಬಂದಿರಲಿಲ್ಲ. ನಾನು ಅಂದೇ ನೋಟಿಸ್ ಟೈಪ್ ಮಾಡಿದೆ: "ಮೇಲ್ಕಂಡ ಬರವಣಿಗೆಗೆ ತಾವು ಕಾರಣರಾಗಿರುವುದು ಗಮನಕ್ಕೆ ಬಂದಿದ್ದು, ಕಾರಣರಾಗಲು ಕಾರಣವೇನೆಂದು ತಿಳಿಸತಕ್ಕದ್ದು. ತಪ್ಪಿದಲ್ಲಿ ತಾವು ಕಾರಣವಿಲ್ಲದೆ ಕಾರಣರಾಗಿದ್ದೀರೆಂದು ಭಾವಿಸಿ, ತಮ್ಮ ಬ್ಲಾಗನ್ನು ಮುಚ್ಚಲಾಗುವುದು."

ಡಾಕ್ಟರು ಹೆದರಿ ಬರೆಯುವುದನ್ನೇ ಬಿಟ್ಟರು. ಅವರ ಬ್ಲಾಗಿನಲ್ಲಿ ಕೊನೆಗೆ ಉಳಿದದ್ದು ಇಷ್ಟೇ: "ನಾನು ಯಾರಿಗೆ ಏನು ಮಾಡಿದೆನೋ ಗೊತ್ತಿಲ್ಲ. ಕ್ಷಮಿಸಿ. ಇನ್ನು ಬರೆಯಲ್ಲ."

ಅಂದು ಊಟಕ್ಕೆ ಕೂತಾಗ ಅತ್ತಿಗೆ ಸೌಟು ಕೈಯಲ್ಲೇ ಹಿಡಿದು ನಿಂತರು.

"ಆ ಪಾಪದ ಡಾಕ್ಟರಿಗೆ ನೋಟಿಸ್ ಹೋಗಿದೆಯಂತಲ್ಲೋ!"

"ಹೌದು ಅತ್ತಿಗೆ, ನಾನೇ ಟೈಪ್ ಮಾಡಿದ್ದು. ಒಂದು ತಪ್ಪೂ ಇಲ್ಲ."

"ನೀನಾ! ನನ್ನ ಕೈಯಡುಗೆ ತಿಂದ್ಕೊಂಡು ಹೀಗೆ ಮಾಡೋದಾ?"

"ಅಡುಗೆ ಬೇರೆ, ಕಚೇರಿ ಬೇರೆ. ಇನ್ನೊಂಚೂರು ಬಡಿಸಿ."

ಬಡಿಸಲಿಲ್ಲ. "ಅಯ್ಯೋ ದೇವರೇ, ಥ್ಯಾಂಕ್ಸ್ ಹೇಳಕ್ಕೆ ಹೋಗಿ ಒಬ್ಬರ ಬಾಯಿಗೆ ಬೀಗ ಹಾಕಿಸಿಬಿಟ್ಟೆನಲ್ಲ," ಎಂದು ಗೋಳಾಡಿದರು. ಮಾರನೆಯ ದಿನ ಒಬ್ಬ ಗಿರಾಕಿಯ ಅಂಗಿಗೆ ಎರಡು ತೋಳನ್ನೂ ಎಡಗಡೆಗೇ ಹೊಲಿದರು. ಬ್ಲಾಗಿನಲ್ಲಿ ಒಂದಕ್ಷರ ಬರೆಯಲಿಲ್ಲ. ನಗುವುದಂತೂ ದೂರದ ಮಾತು.

ಅಷ್ಟರಲ್ಲಿ ಡಾಕ್ಟರ ಉತ್ತರ ಬಂತು. "ಸ್ವಾಮಿ, ನಾನು ಬೇಕಂತ ಕಾರಣನಾದವನಲ್ಲ. ಲಿಫ್ಟ್ ರಿಪೇರಿಯವರೊಬ್ಬರು ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡ ಜನರ ಬಗ್ಗೆ ಬರೀತಾರೆ. ಅದನ್ನ ಓದಿ ನಾನು ಕೆಟ್ಟೆ. ಅವರೇ ಕಾರಣ." ಮತ್ತೆ ಏಕಾರ. ಲಿಫ್ಟ್ ರಿಪೇರಿಯವರಿಗೆ ನೋಟಿಸ್ ಹೋಯಿತು. ಅವರು ಉತ್ತರಿಸಿದರು: "ನಾನು ಬರೆಯೋದು ಬಿಟ್ಟೇ ಬಿಟ್ಟಿದ್ದೆ ಸರ್. ಟೈಲರಮ್ಮನ ಬ್ಲಾಗ್ ನೋಡಿ ಮತ್ತೆ ಶುರು ಹಚ್ಚಿಕೊಂಡೆ. ಅವರೇ ಕಾರಣ." ಹೀಗೆ ನೋಟಿಸು ಸುತ್ತು ಹೊಡೆದು ನಮ್ಮ ಮನೆಗೇ ಬಂತು. ಅತ್ತಿಗೆಯಿಂದ ಸಹಿ ಹಾಕಿಸಿಕೊಂಡವನೂ ನಾನೇ. ಸಹಿ ಹಾಕಿ ಅವರು ಪೆನ್ನನ್ನು ನನ್ನ ಕಡೆಗೆ ಎಸೆದರು. ಅದು ಕಚೇರಿಯ ಪೆನ್ನು.

ಮೂವರ ವಿಚಾರಣೆ ನಮ್ಮ ಸಾಹೇಬರ ಕೋಣೆಯಲ್ಲಿ ನಡೆಯಿತು. ಅತ್ತಿಗೆ ಡಾಕ್ಟರನ್ನು ನೋಡಿದ್ದು ಅಲ್ಲೇ ಮೊದಲು. ಬಡಕಲು ಮನುಷ್ಯ, ಕೈ ಕಟ್ಟಿಕೊಂಡು ನಿಂತಿದ್ದರು.

"ನೀವಾ?" ಎಂದರು ಅತ್ತಿಗೆ.

"ನಾನೇ ಅಮ್ಮ. ನೀವು ಸೊಂಟದ ಅಳತೆಯವರಲ್ಲವಾ?"

"ನನ್ನಿಂದ ನಿಮಗೆ ಎಂಥಾ ಫಜೀತಿ ಆಯ್ತು ನೋಡಿ," ಎಂದು ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಹೇಬರು ಮೇಜು ಕುಟ್ಟಿದರು. "ಒಬ್ಬರಿಗೊಬ್ಬರು ಕಾರಣ ಅಂತೀರಿ. ಹಾಗಾದ್ರೆ ಮೂಲ ಕಾರಣ ಯಾರು? ಸಿಗದಿದ್ರೆ ಮೂರೂ ಬ್ಲಾಗ್ ಮುಚ್ಚಿಸ್ತೀನಿ."

"ನಾನೇ ಸರ್," ಎಂದರು ಡಾಕ್ಟರು. "ಅವರ ಮಾತು ಕೇಳಬೇಡಿ, ನಾನು ಸರ್," ಎಂದರು ಲಿಫ್ಟ್ ರಿಪೇರಿಯವರು. ಅತ್ತಿಗೆ ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದರು. "ಇವರಿಬ್ಬರೂ ಸುಳ್ಳು ಹೇಳ್ತಿದ್ದಾರೆ ಸರ್. ನಂದೊಂದನ್ನ ಮುಚ್ಚಿಬಿಡಿ. ಡಾಕ್ಟರು ಬರೀಲಿ, ನನಗೆ ಅಷ್ಟು ಸಾಕು."

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಕರಗಿದರೆಂದುಕೊಂಡೆ. ಹಾಗಲ್ಲ. ಅವರದ್ದೂ ಒಂದು ಬ್ಲಾಗ್ ಇದೆ, 'ನಾನು ಮತ್ತು ಆಡಳಿತ' ಎಂದು ಅದರ ಹೆಸರು. ಅಲ್ಲಿಯವರೆಗೆ ಯಾರೂ ಅದನ್ನು ಯಾವುದಕ್ಕೂ ಕಾರಣವೆಂದು ತೋರಿಸಿರಲಿಲ್ಲ.

"ಇಷ್ಟೆಲ್ಲ ಓದ್ತೀರಲ್ಲ," ಎಂದು ಗಂಟಲು ಸರಿಮಾಡಿಕೊಂಡರು, "ನಂದೇನಾದ್ರೂ ಯಾರಾದ್ರೂ..."

"ನಾನು ಓದಿದ್ದೀನಿ ಸರ್," ಎಂದರು ಲಿಫ್ಟ್ ರಿಪೇರಿಯವರು. "ಒಮ್ಮೆ ಲಿಫ್ಟ್ ಒಳಗೆ ನಾನೇ ಸಿಕ್ಕಿಹಾಕಿಕೊಂಡಾಗ. ಫೋನಲ್ಲಿ ಅದೊಂದೇ ತೆರೆದುಕೊಳ್ತಿತ್ತು."

"ಓದಿ ಏನನ್ನಿಸ್ತು?"

"ಏನೇ ಆಗಲಿ, ಬಾಗಿಲು ಒಡೆದಾದ್ರೂ ಹೊರಗೆ ಹೋಗಬೇಕು ಅನ್ನಿಸ್ತು ಸರ್. ಒಡೆದೇಬಿಟ್ಟೆ."

ಸಾಹೇಬರ ಮುಖ ಅರಳಿತು. "ಅಂದ್ರೆ ನಾನು ಕಾರಣ! ಬರಕೊಳ್ರೀ ಗುಮಾಸ್ತರೇ, ನಾನೇ ಕಾರಣ!"

ನಾನು ಬರೆದುಕೊಂಡೆ. ಬರೆದುಕೊಂಡ ಮೇಲೆ ಅದು ಲಿಖಿತವಾಯಿತು. ಲಿಖಿತವಾದ ಮೇಲೆ ಸಾಹೇಬರ ಹೆಸರಿಗೆ ನೋಟಿಸ್ ಟೈಪ್ ಮಾಡಿ ಸಹಿಗಾಗಿ ಅವರ ಮುಂದೆಯೇ ಇಟ್ಟೆ. ಅವರು ಅದನ್ನು ಓದಿ, ನೀರು ಕುಡಿದು, ಎಲ್ಲರ ನೋಟಿಸನ್ನೂ ರದ್ದುಮಾಡಿ, ನಿಯಮವನ್ನು ತಕ್ಷಣದಿಂದಲೇ ತಿದ್ದುಪಡಿ ಮಾಡಿದರು.

ತಿದ್ದುಪಡಿಯ ಪ್ರಕಾರ ಯಾರಿಗೂ ನೋಟಿಸ್ ಬರಬಾರದೆಂದರೆ, ಬ್ಲಾಗ್ ಬರೆಯುವವರು ಪ್ರತಿ ಬರಹದ ಕೆಳಗೆ "ಕೆಳಕಂಡವರು ಇದಕ್ಕೆ ಕಾರಣರಲ್ಲ" ಎಂದು ಹೆಸರು ಸಮೇತ, ಕಾರಣರಲ್ಲ ಎಂಬುದಕ್ಕೆ ವಿವರ ಸಮೇತ ಘೋಷಿಸತಕ್ಕದ್ದು. ಹೆಸರೊಂದಕ್ಕೆ ಇಂತಿಷ್ಟು ಶುಲ್ಕ. ಮೊದಲ ಘೋಷಣೆ ಸಾಹೇಬರ ಪರವಾಗಿ ಲಿಫ್ಟ್ ರಿಪೇರಿಯವರಿಂದ ಬಂತು. ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ.

ಅತ್ತಿಗೆ ಮನೆಗೆ ಹೋದವರೇ ಬರೆದರು:

"ನನ್ನ ಬರವಣಿಗೆಗೆ ಹಲ್ಲಿನ ಡಾಕ್ಟರು ಎಳ್ಳಷ್ಟೂ ಕಾರಣರಲ್ಲ. ಅವರು ಬರೆದಿದ್ದನ್ನ ಓದಿ ನಾನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕಿಲ್ಲ. ನಕ್ಕು ನಕ್ಕು, ಅರೆ, ನಾನೂ ಬರೀಬಹುದಲ್ಲ ಅಂತ ನನಗೆ ಅನ್ನಿಸಿಲ್ಲ. ಅವರು ನಿಲ್ಲಿಸಿದ ಮೇಲೆ ನನಗೆ ಬೆಳಗಾಗೋದೇ ಬೇಡ ಅಂತ ಆಗಿಲ್ಲ. ದಯವಿಟ್ಟು ಬರೀಬೇಡಿ ಡಾಕ್ಟರೇ."

ಬೆಳಿಗ್ಗೆ ನೋಡಿದರೆ ಡಾಕ್ಟರು ಉದ್ದುದ್ದ ಬರೆದಿದ್ದರು. "ನನ್ನನ್ನು ಇಷ್ಟು ಪ್ರೀತಿಯಿಂದ ಯಾರೂ ಅಲ್ಲಗಳೆದಿರಲಿಲ್ಲ," ಎಂದು ಶುರು. ಅತ್ತಿಗೆ ನಕ್ಕ ಸದ್ದಿಗೆ ಪಕ್ಕದ ಮನೆಯವರು ಓಡಿ ಬಂದರು.

ಈಗ ಎಲ್ಲ ಕಡೆ ಇದೇ ನಡೆದಿದೆ. ನಮ್ಮ ಕೌಂಟರಿನ ಮುಂದಿನ ಸಾಲು ಮೆಟ್ಟಿಲಿಳಿದು ಬೀದಿಗೆ ಬಂದಿದೆ. ಜನ ತಾವು ಮೆಚ್ಚಿದವರನ್ನೆಲ್ಲ ದುಡ್ಡು ಕಟ್ಟಿ ಅಲ್ಲಗಳೆಯುತ್ತಾರೆ. "ನಿಮ್ಮ ಬ್ಲಾಗಲ್ಲಿ ಎಲ್ಲರನ್ನೂ ಕಾರಣರಲ್ಲ ಅಂದಿದ್ದೀರಿ, ನಾನೊಬ್ಬನೇ ಬೇಡವಾದೆನಾ?" ಎಂದು ಗೆಳೆಯರು ಮಾತು ಬಿಟ್ಟಿದ್ದಾರೆ. ಮದುವೆಯ ಮಾತುಕತೆಯೊಂದರಲ್ಲಿ ಹುಡುಗ ಎಷ್ಟು ಜನರ ಬರವಣಿಗೆಗೆ ಕಾರಣನಲ್ಲ ಎಂದು ಹುಡುಗಿಯ ಕಡೆಯವರು ವಿಚಾರಿಸಿದರಂತೆ. ಸರಿಯಾದ ಪ್ರಶ್ನೆಯೇ.

ಇಷ್ಟಾದರೂ ನನ್ನನ್ನು ಯಾರೂ ಅಲ್ಲಗಳೆಯಲಿಲ್ಲ. ನಾನೂ ಮನುಷ್ಯ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಅತ್ತಿಗೆ, ಎಲ್ಲರ ಹೆಸರೂ ಹಾಕಿದ್ದೀರಿ. ನಂದು?"

"ನಿಂದು ತಲೆಬರಹದಲ್ಲೇ ಇದೆ. ಹೋಗಿ ನೋಡು," ಎಂದರು ದಾರ ಕಚ್ಚುತ್ತಾ.

ನೋಡಿದೆ. "ಇಷ್ಟಕ್ಕೆಲ್ಲ ನನ್ನ ಮೈದುನನೇ ಕಾರಣ." ಅಚ್ಚುಕಟ್ಟಾದ ಏಕಾರ.

ನಿಯಮದಂತೆ ನನ್ನ ಹೆಸರಿಗೆ ನಾನೇ ನೋಟಿಸ್ ಟೈಪ್ ಮಾಡಿ, ನಾನೇ ಸಹಿ ಹಾಕಿ ಪಡೆದುಕೊಂಡೆ. ಕಚೇರಿಯವರೆಲ್ಲ ಎದ್ದು ಬಂದು ಕೈ ಕುಲುಕಿದರು. ಸಾಹೇಬರಿಗೆ ಸ್ವಲ್ಪ ಹೊಟ್ಟೆಕಿಚ್ಚಾದಂತೆ ಕಂಡಿತು. ಈಗ ವಿವರಣೆ ಬರೆಯಲು ಕೂತಿದ್ದೇನೆ. ಬರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಧೈರ್ಯ ತಂದುಕೊಳ್ಳಲು ಅತ್ತಿಗೆಯ ಬ್ಲಾಗನ್ನು ಮೊದಲಿನಿಂದ ಓದಿದೆ, ನಿಯಮದಲ್ಲಿಲ್ಲದಿದ್ದರೂ ನಕ್ಕೆ, ಆಮೇಲೆ ಮೊದಲ ಸಾಲು ತಾನಾಗಿ ಬಂತು: "ಇದಕ್ಕೆ ನಮ್ಮ ಅತ್ತಿಗೆ ಕಾರಣರಲ್ಲ."