ಒಂಬತ್ತು ವೋಲ್ಟೋ, ಹದಿನಾಲ್ಕೋ?

ಎರಡು ಹಾಳೆ, ಎರಡು ಅಂಕಿ. ಯೂ ಪಿಂಗ್‌ನ ನೆಮ್ಮದಿ ಕೆಡಲು ಅಷ್ಟೇ ಸಾಕಾಯಿತು.

ಶೆನ್‌ಜೆನ್‌ನ ಅವನ ಕಂಪನಿ ಬಾಗಿಲಿಗೆ ಹಾಕುವ ಎಲೆಕ್ಟ್ರಾನಿಕ್ ಬೀಗ ಮಾಡುತ್ತಿತ್ತು. ಉತ್ತರದ ಒಣ ಚಳಿಯಲ್ಲಿ ಉಣ್ಣೆ ಕೋಟಿನವರು ಮುಟ್ಟಿದರೆ ಬೆರಳಿನಿಂದ ಚಟ್ಟನೆ ಕಿಡಿ ಹಾರುತ್ತಿತ್ತು. ಬೀಗ ಸಾಯುತ್ತಿತ್ತು, ಮನೆಯೊಡೆಯ ಹಿಮದಲ್ಲಿ ನಿಲ್ಲುತ್ತಿದ್ದ. ಆ ಕಿಡಿಯನ್ನು ತಡೆದು ‘ಇಷ್ಟೇ ವೋಲ್ಟ್ ಒಳಗೆ’ ಎಂದು ಕಟ್ಟುಹಾಕುವ ಎಳ್ಳುಕಾಳಿನಷ್ಟು ಬಿಡಿಭಾಗವೊಂದನ್ನು ಯೂ ಪಿಂಗ್ ಸಂಜೆ ಐದರೊಳಗೆ ಆರಿಸಬೇಕಿತ್ತು. ಹಿಂದಿನ ಸಲ ಆರಿಸಿದವನನ್ನು ಗ್ರಾಹಕರ ಬೈಗುಳ ಕೇಳುವ ಫೋನಿಗೆ ಕೂರಿಸಿದ್ದರು. ಮೂರೇ ವಾರಕ್ಕೆ ಅವನು ಗಂಟುಮೂಟೆ ಕಟ್ಟಿದ್ದ.

ಒಂದು ಕಂಪನಿಯದು ಒಂಬತ್ತು ವೋಲ್ಟ್. ಇನ್ನೊಂದರದು ಹದಿನಾಲ್ಕು.

“ಒಂಬತ್ತೇ ತಗೋ. ಒಳಗೆ ಕಮ್ಮಿ ಬಿಟ್ಟಷ್ಟೂ ಒಳ್ಳೇದು,” ಎಂದಳು ಖರೀದಿ ವಿಭಾಗದ ಲುವೊ ಅಕ್ಕ.

“ಕೊಡೆ ತಗೊಳ್ಳುವಾಗ ಚಿಕ್ಕದು ತಗೋತೀಯೇನೋ? ಹದಿನಾಲ್ಕೇ ಗಟ್ಟಿ!” ಎಂದು ಗದರಿದರು ರಿಪೇರಿ ವಿಭಾಗದ, ಹೆ ಎಂಬ ಹೆಸರಿನ ಮೇಷ್ಟ್ರು.

ಯೂ ಪಿಂಗ್ ಸಣ್ಣ ಅಕ್ಷರ ಓದಿದ. ಒಂಬತ್ತನ್ನು ಅಳೆದದ್ದು ಒಂದು ಆಂಪಿಯರ್‌ನ ಸಣ್ಣ ಹೊಡೆತಕ್ಕೆ, ಹದಿನಾಲ್ಕನ್ನು ಹದಿನಾರು ಆಂಪಿಯರ್‌ನ ದೊಡ್ಡ ಹೊಡೆತಕ್ಕೆ! ಒಂದನೇ ಕ್ಲಾಸಿನವನ ಅಂಕವನ್ನು ಹತ್ತನೇ ಕ್ಲಾಸಿನವನ ಅಂಕದೊಡನೆ ತೂಗಿದಂತಾಯಿತು.

ಮಧ್ಯಾಹ್ನ ಊಟವಾದ ಮೇಲೆ, ಆಫೀಸಿನ ರೂಢಿಯಂತೆ ಪರದೆ ಎಳೆದು ದೀಪ ಆರಿಸಿ, ಮಡಚುವ ಮಂಚ ಹಾಸಿ ಎಲ್ಲರೂ ನಿದ್ದೆಗೆ ಜಾರಿದರು. ಯೂ ಪಿಂಗ್ ಕತ್ತಲಲ್ಲಿ ತಡಕಾಡುತ್ತ ಹೋಗಿ ಪಿಸುಗುಟ್ಟಿದ: “ಅಕ್ಕಾ, ಎಷ್ಟು ಆಂಪಿಯರ್‌ಗೆ ಅಂತ...”

“ನಿನ್ನ ಕಟ್ಕೊಳ್ಳೋಳು ಯಾವ ಪಾಪ ಮಾಡಿದಾಳೋ! ಬಿದ್ಕೋ ಹೋಗು!” ಎಂದು ಲುವೊ ಅಕ್ಕ ಚಪ್ಪಲಿ ಎಸೆದಳು. ಅದು ಹೆ ಮೇಷ್ಟ್ರ ಹೊಟ್ಟೆಗೆ ಬಿತ್ತು. ಅವರು ಎದ್ದು ಯೂ ಪಿಂಗ್‌ಗೇ ಬೈದರು.

ನಾಲ್ಕೂವರೆಗೆ ಅವನು ಹದಿನಾಲ್ಕರ ಕಂಪನಿಗೆ ಫೋನ್ ಮಾಡಿದ. “ನಿಮ್ಮದನ್ನ ಒಂದು ಆಂಪಿಯರ್‌ಗೆ ಅಳೆದ್ರೆ?”

“ಒಂಬತ್ತು ಅಣ್ಣಾ,” ಎಂದಿತು ಹೆಣ್ಣುದನಿ.

ಒಂಬತ್ತರ ಕಂಪನಿಗೆ ಮಾಡಿದ. “ನಿಮ್ಮದು ಹದಿನಾರಕ್ಕೆ?”

“ಹದಿನಾಲ್ಕು. ಅಣ್ಣಾ, ಈಗ ತಾನೇ ಮಾತಾಡಿದ್ರಲ್ಲ?”

ಅದೇ ದನಿ!

“ಒಂದೇ ಮಾಲು ಅಣ್ಣಾ, ಹೆಸರು ಎರಡು. ಕೆಲವ್ರಿಗೆ ಚಿಕ್ಕ ಅಂಕಿ ಇಷ್ಟ, ಕೆಲವ್ರಿಗೆ ದೊಡ್ಡದು.”

“ಹಾಗಾದ್ರೆ ಯಾವುದು ತಗೊಳ್ಳಲಿ?”

“ನಿಮಗೆ ಯಾವ ಹೆಸರು ಚೆಂದ ಕಾಣುತ್ತೋ ಅದು!”

ತಪ್ಪು ಆರಿಸಲು ಸಾಧ್ಯವೇ ಇಲ್ಲ! ಯೂ ಪಿಂಗ್ ಒಡತಿ ತಾಂಗ್ ಮೇಡಂ ಬಳಿಗೆ ಓಡಿ, ಕಿಡಿಯಿಂದ ಆಂಪಿಯರ್‌ವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಮೇಡಂ ಕಣ್ಣರಳಿಸಿ ಕೇಳಿದರು.

“ಅಯ್ಯೋ, ನನಗೂ ಅರ್ಥ ಆಯ್ತಲ್ಲೋ! ಇಷ್ಟು ತಾಳ್ಮೆಯಿಂದ ತಿಳಿಸಿ ಹೇಳೋನು ಇಲ್ಲೇ ಇದ್ದಾನೆ, ನಾನು ಊರೆಲ್ಲ ಹುಡುಕ್ತಿದ್ದೆ!”

ಮೇಡಂ ತಾವೇ ಅವನ ಕೈಹಿಡಿದು ಕರೆದೊಯ್ದು, ಗಂಟುಮೂಟೆ ಕಟ್ಟಿದವನ ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಫೋನ್ ಆಗಲೇ ಬಡಿದುಕೊಳ್ಳುತ್ತಿತ್ತು.

“ಹಲೋ...” ಎಂದ ಯೂ ಪಿಂಗ್. ಆ ಕಡೆ ಚಳಿಗೆ ಹಲ್ಲು ಕಟಕಟಿಸಿತು. “ನಿಮ್ಮ ಮನೆ ಹಾಳಾಗ! ನಾನು ಹೊರಗೆ ನಿಂತಿದೀನಿ!”