ಆರಾಮ ಅನ್ನದ ಮಾವ

ನಮ್ಮ ಕಡೆ ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲಿ ಯಾರು ಎದುರಾದರೂ ಮೊದಲ ಮಾತು ಒಂದೇ: "ಆರಾಮ ಅದೀರಿ?" ಉತ್ತರವೂ ಒಂದೇ: "ಆರಾಮ ಅದೀನ್ರಿ." ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವನೂ ಇದನ್ನೇ ಹೇಳುತ್ತಾನೆ. ಇಡೀ ಗದಗ ಜಿಲ್ಲೆಯಲ್ಲಿ ಈ ಉತ್ತರ ಕೊಡದ ಮನುಷ್ಯ ಒಬ್ಬರೇ. ಅವರು ನನ್ನ ಸೋದರಮಾವ ಎಂಬುದು ಹೆಮ್ಮೆಯೋ ನಾಚಿಕೆಯೋ, ನನಗಿನ್ನೂ ತೀರ್ಮಾನವಾಗಿಲ್ಲ.

ಕೋಟುಮಚಗಿಯ ಒಂದು ಮದುವೆಯಲ್ಲಿ ಬೀಗರು ಕೈಮುಗಿದು ಈ ಪ್ರಶ್ನೆ ಕೇಳಿದರು. ಮಾವ ಗಂಭೀರವಾಗಿ, "ಅದನ್ನ ಡಾಕ್ಟರ್ ಹೇಳಬೇಕ್ರಿ. ನಾ ಹೇಳಿದ್ರ ನಾಳೆ ಕೋರ್ಟಿನ್ಯಾಗ ನನಗ ತಿರುಗಿ ಬೀಳತೈತಿ" ಎಂದರು. ಮಾವನಿಗೆ ಯಾವುದೋ ದೊಡ್ಡ ಖಟ್ಲೆ ಗಂಟುಬಿದ್ದಿದೆ ಎಂದು ಮರುಗಿದ ಬೀಗರು ಊಟದಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಮಾವ ಅದನ್ನೂ ಒಂದು ಬಗೆಯ ಪರಿಹಾರವೆಂದೇ ಸ್ವೀಕರಿಸಿದರು.

ಅವರೇನು ಹುಟ್ಟಾ ಹೀಗಿದ್ದವರಲ್ಲ. ಮುಂಡರಗಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತ ಎಲ್ಲರಂತೆಯೇ ಇದ್ದರು. ಒಮ್ಮೆ ಅವರು ಕುಳಿತಿದ್ದ ಬಸ್ಸು ಗಕ್ಕನೆ ನಿಂತು, ಮುಂದಿನ ಸೀಟಿನ ಕಂಬಿಗೆ ಬಾಯಿ ಬಡಿದು, ಒಂದು ಹಲ್ಲು ಬಿತ್ತು. ಯಾರೋ ಹೇಳಿದರೆಂದು ಕೇಸು ಹಾಕಿದರು, ಪರಿಹಾರ ಬಂತು. ಹಲ್ಲು ಹೋಗಿ ಜ್ಞಾನ ಬಂತು! ಅಂಗಡಿ ಮಗನ ಪಾಲಾಯಿತು. ಜಿಲ್ಲೆಯಲ್ಲಿ ಯಾರು ಎಲ್ಲಿ ಬಿದ್ದರೂ ಕೇಸು ಹಾಕಿಸಲು ಮಾವ ಅಲ್ಲಿ ಪ್ರತ್ಯಕ್ಷರಾಗತೊಡಗಿದರು.

ಶಿರಹಟ್ಟಿ ರಸ್ತೆಯಲ್ಲಿ ನಮ್ಮ ಮುಂದೆಯೇ ಒಬ್ಬ ಬೈಕಿನಿಂದ ಬಿದ್ದ. ಎತ್ತಲು ಓಡಿದವರನ್ನೆಲ್ಲ ಮಾವ ಅಡ್ಡಗಟ್ಟಿದರು. "ಯಾರೂ ಮುಟ್ಟಬ್ಯಾಡ್ರಿ, ಮೊದಲ ಫೋಟೋ ಆಗ್ಲಿ." ಒಂದು ಫೋಟೋ ರಸ್ತೆಯ ಗುಂಡಿ ಸೇರಿಸಿ, ಇನ್ನೊಂದು ಗುಂಡಿ ಬಿಟ್ಟು. ಬಿದ್ದವನು ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಎದ್ದು ಧೂಳು ಕೊಡವಿಕೊಂಡು, "ಹಿರಿಯರು ಅಂತ ಸುಮ್ಮನ ಅದೀನಿ" ಎಂದು ಬೈಕ್ ಹತ್ತಿ ಹೋಗಿಬಿಟ್ಟ. "ನೋಡು, ಇಂಥವ್ರಿಂದನ ವಿಮಾ ಕಂಪನಿಗಳು ಉದ್ಧಾರ ಆಗಿರೂದು" ಎಂದರು ಮಾವ.

ಆದರೆ ನಾನೇ ಅವರ ಮನೆಯ ಹೊಸ್ತಿಲಿಗೆ ಎಡವಿ ಹೆಬ್ಬೆರಳು ಒಡೆದುಕೊಂಡ ದಿನ? ಓಡಿ ಬಂದು, ಮೊಬೈಲ್ ತೆಗೆದು, ಬೆರಳು ನೋಡಿ, ಹೊಸ್ತಿಲು ನೋಡಿ, ಮೊಬೈಲನ್ನು ಮತ್ತೆ ಕಿಸೆಗೆ ಸೇರಿಸಿದರು. "ಏನೂ ಆಗಿಲ್ಲಲೇ. ನೋಡಿ ನಡೀಬೇಕಪಾ ಮನಷ್ಯಾ."

ಪರಿಹಾರ ಬೇಕೆಂದು ಬಂದವರಿಗೆಲ್ಲ ಅವರ ಉಪದೇಶ ಮೂರು. ಗಾಡಿ ಗುದ್ದಿದವನ ಜೊತೆ ಚಹಾ ಕುಡಿಯಬಾರದು, ಕುಡಿದರೆ ಅದು ರಾಜಿಯೇ. ದವಾಖಾನೆಗಿಂತ ಮೊದಲು ಎಲುಬು ಕಟ್ಟುವವರ ಹತ್ತಿರ ಹೋಗಬಾರದು, ಅಲ್ಲಿ ನೋವಿಗೆ ದಾಖಲೆ ಸಿಗುವುದಿಲ್ಲ. ಮೂರನೆಯದು, ಸತ್ತರೂ 'ಆರಾಮ ಅದೀನಿ' ಅನ್ನಬಾರದು.

ಲಕ್ಷ್ಮೇಶ್ವರದಲ್ಲಿ ಯಾರದೋ ಮುರಿದ ಕಾಲಿನ ಪಕ್ಕ ಕುಳಿತು ಮಾವ ಇದನ್ನೇ ಬೋಧಿಸುತ್ತಿದ್ದ ಹೊತ್ತಿಗೆ, ಇತ್ತ ಮುಂಡರಗಿಯಲ್ಲಿ ಕಾಯಿಪಲ್ಲೆ ತರಲು ಹೋದ ಅವರ ಹೆಂಡತಿ, ಅಂದರೆ ನಮ್ಮ ಅತ್ತೆಗೆ ಒಂದು ಟಂಟಂ ಆಟೋ ಗುದ್ದಿ ಬಲಗೈ ಮುರಿಯಿತು. ಟಂಟಂ ಓಡಿಸುತ್ತಿದ್ದ ಹುಡುಗ ಗಡಗಡ ನಡುಗುತ್ತ ಅಳತೊಡಗಿದ. ಅತ್ತೆ ಎಡಗೈಯಿಂದ ಅವನ ತಲೆ ಸವರಿ, "ಅಳಬ್ಯಾಡ ತಮ್ಮಾ" ಎಂದು ಮನೆಗೆ ಕರೆತಂದು, ಪಕ್ಕದ ಮನೆಯವರಿಂದ ಚಹಾ ಮಾಡಿಸಿ ಕುಡಿಸಿ, ಅವನದೇ ಟಂಟಂನಲ್ಲಿ ಹಳ್ಳಿಯ ಎಲುಬು ಕಟ್ಟುವವರ ಹತ್ತಿರ ಹೋಗಿ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದರು. ಸಂಜೆ ಮಾವ ಬಂದು ಗಾಬರಿಯಿಂದ ಕೇಳಿದಾಗ ಬಂದ ಉತ್ತರ, "ಆರಾಮ ಅದೀನ್ರಿ." ಮೂರೂ ಉಪದೇಶ ಒಂದೇ ದಿನ ಮಣ್ಣುಪಾಲು!

ಕೈಯ ಎಲುಬು ಸೊಟ್ಟಗೆ ಕೂಡಿತು. ಮುಷ್ಟಿ ಕಟ್ಟಲು ಬಾರದು. ಆಪರೇಷನ್ ಮಾಡಿ ನೋಡೋಣ ಎಂದರು ಗದುಗಿನ ಡಾಕ್ಟರು. ಅದರ ಖರ್ಚಿಗೆ ಈ ಕೇಸು ಗೆಲ್ಲಲೇಬೇಕಿತ್ತು. ತಡವಾಗಿ ಫಿರ್ಯಾದು, ತಡವಾಗಿ ಎಕ್ಸ್‌ರೇ, ಕೊನೆಗೂ ಗದಗ ಕೋರ್ಟಿನಲ್ಲಿ ವಿಚಾರಣೆಯ ದಿನ ಬಂತು. ದಾರಿಯುದ್ದಕ್ಕೂ ಮಾವ ಅತ್ತೆಗೆ ಪಾಠ ಹೇಳಿದರು. "ಏನರ ಕೇಳ್ಲಿ, ನೋವು ಐತಿ ಅನ್ನು. ಆ ಒಂದು ಮಾತು ಮಾತ್ರ ಬಾಯಾಗ ತರಬ್ಯಾಡ." ಅತ್ತೆ ಕಿಟಕಿಯಾಚೆ ನೋಡುತ್ತ "ಆತ್ರಿ" ಎಂದರು.

ವಿಮಾ ಕಂಪನಿಯ ವಕೀಲರು ನಮ್ಮ ಸೀಮೆಯವರೇ, ಜಾಣರು. ಕಟಕಟೆಯಲ್ಲಿ ನಿಂತ ಅತ್ತೆಗೆ ಕೈಮುಗಿದು, ನಗುತ್ತ ಕೇಳಿದರು. "ಏನ್ರಿ ಅವ್ವಾರ, ಆರಾಮ ಅದೀರಿ?"

"ಹೂನ್ರಿ, ಆರಾಮ ಅದೀನ್ರಿ. ನೀವು? ಮನಿ ಕಡೆ ಎಲ್ಲಾರೂ ಆರಾಮ್ರಿ?"

ಕೋರ್ಟೆಲ್ಲ ಗೊಳ್ಳೆಂದಿತು. ವಕೀಲರು ಅಷ್ಟೇ ಸಾಕೆಂಬಂತೆ ಕುಳಿತುಬಿಟ್ಟರು. ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಇನ್ನೇನು ಮಾವ ಸಿಡಿಯುತ್ತಾರೆ ಎಂದು ನಾನು ಅವರ ತೋಳು ಹಿಡಿದೆ. ಅವರು ಕೈ ಬಿಡಿಸಿಕೊಂಡು ಎದ್ದು ನಿಂತರು. ಆದರೆ ದನಿ ಏರಲಿಲ್ಲ.

"ಸಾಹೇಬ್ರ, ಒಂದು ಮಾತ್ರಿ. ನಾ ಎದುರಿಗೆ ಇದ್ರ ಆಕಿ ಖರೆ ಹೇಳೂದಿಲ್ಲರಿ. ಮನ್ಯಾಗೂ ಹಂಗ. ನಾ ಹೊರಗ ನಿಂದರತೀನಿ. ಈಗ ಕೇಳ್ರಿ."

ಜಿಲ್ಲೆಯ ಯಾವ ಕೇಸಿನ ಒಂದು ಮಾತನ್ನೂ ಬಿಡದೆ ಕೇಳುವ ಮನುಷ್ಯ, ತನ್ನ ಹೆಂಡತಿಯ ಕೇಸನ್ನು ನಡುವೆಯೇ ಬಿಟ್ಟು ಹೊರಗೆ ನಡೆದರು. ಬಾಗಿಲು ಮುಚ್ಚಿತು. ನ್ಯಾಯಾಧೀಶರು ಮೆಲ್ಲಗೆ, "ಈಗ ಹೇಳ್ರಿ ತಾಯಿ" ಎಂದರು.

ಅತ್ತೆ ಬಾಗಿಲ ಕಡೆಗೊಮ್ಮೆ ನೋಡಿ ಶುರು ಮಾಡಿದರು. "ತಲಿ ಬಾಚಿಕೊಳ್ಳಾಕ ಬರವಲ್ದ್ರಿ. ರಾತ್ರಿ ಕೈ ಸೆಳೀತೈತ್ರಿ, ಅವ್ರಿಗೆ ಎಚ್ಚರ ಆದೀತಂತ ಸೆರಗು ಕಚ್ಚಿಕೊಂಡು ಮಲಗತೀನಿ. ಎಡಗೈಲೆ ರೊಟ್ಟಿ ಬಡೀತೀನ್ರಿ, ದಪ್ಪ ಆಗ್ತಾವ, ನಡುವ ಹಸಿ ಉಳೀತಾವ. ಭಾಳ ಚಲೋ ಆಗ್ಯಾವ ಅಂತ ಅವ್ರು ಇನ್ನೊಂದು ಹಾಕಿಸ್ಕೊಂಡು ಉಣ್ಣತಾರ್ರಿ. ಅವ್ರು ಸುಳ್ಳು ಹೇಳೂದು ನನಗ ಗೊತ್ತೈತ್ರಿ." ಯಾರೂ ನಗಲಿಲ್ಲ. ವಿಮಾ ವಕೀಲರು ತಮ್ಮ ಫೈಲು ಮುಚ್ಚಿದರು.

ಮುಂದೆ ಪರಿಹಾರವೂ ಬಂತು, ಆಪರೇಷನ್ನೂ ಆಯಿತು, ಅದಿರಲಿ. ಅವತ್ತು ನಾವು ಹೊರಗೆ ಬಂದಾಗ ಮಾವ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ನನ್ನನ್ನು ಬಿಟ್ಟು ನೇರ ಅತ್ತೆಯನ್ನೇ ಕೇಳಿದರು. "ಏನಂದಿ?"

"ಆರಾಮ ಅದೀನಿ ಅಂದೆ" ಎಂದರು ಅತ್ತೆ.

"ಚಲೋ ಮಾಡಿದಿ" ಎಂದು ಮಾವ ಆ ಸೊಟ್ಟ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿದರು.