ಡ್ರೋನ್ ಕಂಡ ಮನೆ

ಮಧ್ಯಾಹ್ನ ಡ್ರೋನ್ ಹಾರಿಸಿ ಕಾಲೋನಿಯ ನಕ್ಷೆ ತೆಗೆಯುತ್ತಾರೆ, ನಕ್ಷೆಗೆ ಬಂದ ಮನೆಗೆ ನಂಬರು, ನಂಬರು ಬಿದ್ದ ಮನೆಗೆ ಹಕ್ಕುಪತ್ರ ಎಂಬ ಸುದ್ದಿ ಬಂದಾಗ ದರ್ಜಿ ತನ್ನ ಪಾಡಿಗೆ ತಾನು ಗುಂಡಿ ಹಚ್ಚುತ್ತಿದ್ದ. ಹಾಗೇ ಇದ್ದುಬಿಡುತ್ತಿದ್ದನೇನೋ, ಎದುರುಮನೆಯ ಕ್ಷೌರಿಕ ಬಿಡಲಿಲ್ಲ.

"ನಿನ್ನ ಮನೆ ಮೇಲಿಂದ ಕರ್ಚೀಫಿನಷ್ಟು ಕಾಣುತ್ತೆ ಕಣೋ. ಡ್ರೋನಿಗೆ ಕಾಣೋದು ಬರೀ ಸೂರು. ಎಷ್ಟು ಕಾಣುತ್ತೋ ಅಷ್ಟು ನಿನ್ನದು."

ಹತ್ತು ವರ್ಷದಿಂದ ಹೊಲಿಗೆ ಮಿಶನ್ನಿನ ಕೆಳಗೆ ಕಾಲು ತೂರಿಸಿ ಮಲಗುವವನಿಗೆ ಆ ಮಾತು ನಾಟಿತು. ಗೋದಾಮಿನಿಂದ ನೀಲಿ ಟಾರ್ಪಾಲು ಎರವಲು ತಂದು, ತನ್ನ ತಗಡಿನ ಸೂರಿನಿಂದ ಕ್ಷೌರಿಕನ ಗೋಡೆಯವರೆಗೆ ಓಣಿಗೆ ಅಡ್ಡಲಾಗಿ ಕಟ್ಟಿದ.

"ಇದ್ದದ್ದು ಇದ್ದ ಹಾಗೆ ಇರಲಿ ಬಿಡಿ," ಎಂದಳು ಹೆಂಡತಿ.

"ಅಳತೆ ವಿಷಯ ದರ್ಜಿಗೆ ಹೇಳ್ಕೊಡ್ತೀಯಾ? ಸುಮ್ನಿರು."

ಗಾಳಿ ಬೀಸಿತು. ಟಾರ್ಪಾಲು ಔತಣ ಉಂಡವನ ಹೊಟ್ಟೆಯಂತೆ ಉಬ್ಬಿತು. "ನೀನೇ ತಗಡು ಹತ್ತಿ ಹಗ್ಗ ಹಿಡ್ಕೊಂಡು ಕೂತ್ಕೋ ಮಗಾ," ಎಂದಳು ಪಕ್ಕದ ಮನೆ ಅಜ್ಜಿ. ಹತ್ತಿದ. ಕಾದ ತಗಡು ಕೂರಲು ಬಿಡದು, ಗಾಳಿ ಏಳಲು ಬಿಡದು. ಕೆಳಗೆ ಒಳ್ಳೆ ನೆರಳಾಯಿತೆಂದು ಅಜ್ಜಿ ಚಾಪೆ ಹಾಸಿದಳು. ಡ್ರೋನ್ ನೋಡಲು ಬಂದವರೆಲ್ಲ ಚಪ್ಪಲಿ ಆಚೆ ಬಿಟ್ಟು ಅಲ್ಲೇ ತಳವೂರಿದರು. ಯಾರೋ ಚಹಾ ತರಿಸಿದರು. ಮೇಲಿದ್ದವನಿಗೆ ಕೊಡುವುದು ಯಾರಿಗೂ ನೆನಪಾಗಲಿಲ್ಲ.

ಡ್ರೋನ್ ಬಂತು. ಅವನ ತಲೆಯ ಮೇಲೆ ಒಂದು ಗಳಿಗೆ ಹೆಚ್ಚಾಗಿಯೇ ನಿಂತು ಹೋಯಿತು. ದರ್ಜಿ ಹಿಗ್ಗಿದ.

ಸಂಜೆ ಸರ್ವೆ ಅಧಿಕಾರಿ ಪರದೆಯ ಮೇಲೆ ನಕ್ಷೆ ತೋರಿಸಿದ. ಕ್ಷೌರಿಕನಿಗೆ ನಂಬರು, ಅಜ್ಜಿಗೆ ನಂಬರು. ದರ್ಜಿಯ ಜಾಗದಲ್ಲಿ ದೊಡ್ಡ ನೀಲಿ ಚೌಕ, ನಂಬರಿಲ್ಲ.

"ಸಾರ್, ಇದು ನನ್ನ ಮನೆ."

"ಇಷ್ಟು ದೊಡ್ಡ ಸೂರು, ಹೊರಗೆ ನಲವತ್ತು ಜೊತೆ ಚಪ್ಪಲಿ. ಮನೆ ಅಂತ ಹೇಗಪ್ಪಾ ಬರೆಯೋದು? ಸಮುದಾಯ ಭವನ ಅಂತ ಬರೆದು ಮೇಲಕ್ಕೆ ಕಳಿಸಿಯಾಯ್ತು."

"ಮೇಲೆ ನಾನೇ ಕೂತಿದ್ದೆನಲ್ಲ ಸಾರ್, ನೋಡಿ."

ಅಧಿಕಾರಿ ಚಿತ್ರವನ್ನು ಹಿಗ್ಗಿಸಿ ನೋಡಿದ. "ಓ, ನೀವೇನಾ? ಕಾವಲುಗಾರ ಒಬ್ಬ ಇದ್ದಾನೆ ಅಂತಲೂ ಬರೆದಿದ್ದೀವಿ."

ದರ್ಜಿ ಕಾಲೆಳೆದುಕೊಂಡು ಮನೆಗೆ ಬಂದ. ಬಾಗಿಲಲ್ಲೇ ಕ್ಷೌರಿಕ ಕಾಯುತ್ತಿದ್ದ.

"ಭಾನುವಾರ ನಮ್ಮ ಸಂಘದ ಸಭೆ ಇಲ್ಲೇ ಇಟ್ಕೊಂಡಿದ್ದೀವಿ. ಆ ಮಿಶನ್ ಸ್ವಲ್ಪ ಹೊರಗಿಡ್ತೀಯಾ?"